ಚಳಿ ಕಾಪಾಡಿತು ಅಂತ ಮಕ್ಕಳಿಗೆ ಹೇಳಬೇಡಿ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರಿನಲ್ಲಿ 13 ವರ್ಷದ ಅಫ್ಗನ್ ಹುಡುಗನೊಬ್ಬ ವಿಮಾನದ ಚಕ್ರದ ಗೂಡಿನಲ್ಲಿ ಅಡಗಿ ಕಾಬೂಲಿನಿಂದ ದೆಹಲಿಗೆ ಬಂದಿಳಿದ. ಆ ವಿಡಿಯೊಗಳು ಇನ್ನೂ ಮೊಬೈಲಿನಲ್ಲಿ ಓಡಾಡುತ್ತಿವೆ. ಒಂದರಲ್ಲಂತೂ 'ಚಳಿಯೇ ಅವನನ್ನು ಬದುಕಿಸಿತು' ಎಂದಿದ್ದಾರೆ. ಅದನ್ನು ನೋಡಿದ ನಮ್ಮ ಬೀದಿಯ ಎಂಟನೇ ಕ್ಲಾಸಿನ ಹುಡುಗ, "ಆಂಟಿ, ಮೈ ತಣ್ಣಗಾದರೆ ಗಾಳಿ ಜಾಸ್ತಿ ಬೇಕಾಗಲ್ವಂತೆ, ನಿಜಾನಾ?" ಎಂದು ಕೇಳಿದ. ದೇವನಹಳ್ಳಿಯಿಂದ ಏಳುವ ವಿಮಾನಗಳನ್ನು ದಿನಾ ನೋಡುವ ಮಕ್ಕಳು ಇವರು. ಸುಮ್ನಿರಲು ಆಗಲಿಲ್ಲ, ಬರೆಯುತ್ತಿದ್ದೇನೆ.

ನಾನು ಹೃದಯದ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಹುಡುಗ ಕೇಳಿದ್ದರಲ್ಲಿ ಅರ್ಧ ನಿಜ. ಮೈಯ ಬಿಸಿ ಒಂದು ಡಿಗ್ರಿ ಇಳಿದರೆ ಮಿದುಳಿಗೆ ಬೇಕಾದ ಆಮ್ಲಜನಕ ಶೇ 6ರಿಂದ 7ರಷ್ಟು ಕಡಿಮೆಯಾಗುತ್ತದೆ. ಮಹಾಪಧಮನಿಯ ಕೆಲವು ಆಪರೇಷನ್‌ಗಳಲ್ಲಿ ರೋಗಿಯನ್ನು 18–20 ಡಿಗ್ರಿವರೆಗೆ ತಂಪು ಮಾಡಿ, ರಕ್ತದ ಓಡಾಟವನ್ನೇ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಆದರೆ ಅದಕ್ಕೊಂದು ಕ್ರಮ ಇದೆ. ಮೊದಲು ಅರಿವಳಿಕೆ. ಆಮೇಲೆ ಮೆಷಿನ್ ರಕ್ತಕ್ಕೆ ಆಮ್ಲಜನಕ ತುಂಬುತ್ತಲೇ ಅದನ್ನು ತಂಪು ಮಾಡುತ್ತದೆ. ಮತ್ತೆ ಬೆಚ್ಚಗೆ ಮಾಡುವಾಗ ಇನ್ನೂ ಎಚ್ಚರ, ಅವಸರ ಮಾಡಿದರೆ ಮಿದುಳಿಗೆ ಪೆಟ್ಟು. ಅಷ್ಟೂ ಹೊತ್ತು ನಾವ್ಯಾರೂ ಮಾನಿಟರಿನಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಚಕ್ರದ ಗೂಡಿನಲ್ಲಿ ಆ ಕ್ರಮ ತಲೆಕೆಳಗಾಗುತ್ತದೆ. ನಮ್ಮ ನಂದಿ ಬೆಟ್ಟದ ಎತ್ತರ 1,478 ಮೀಟರ್. ವಿಮಾನ 35,000 ಅಡಿಯಲ್ಲಿ ಹಾರಿದರೆ ಅದು ಬೆಟ್ಟದ ಏಳು ಪಟ್ಟು ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಕಾಲು ಭಾಗದಷ್ಟೇ. ಹೊರಗೆ ಮೈನಸ್ 50 ಡಿಗ್ರಿಗೂ ಕೆಳಗೆ. ಮೈ ಪೂರ್ತಿ ತಣ್ಣಗಾಗುವ ಮೊದಲೇ ಉಸಿರಿಗೆ ಗಾಳಿ ಸಾಲದೆ ಪ್ರಜ್ಞೆ ಹೋಗುತ್ತದೆ. ಟೈರು ಮತ್ತು ಹೈಡ್ರಾಲಿಕ್ ಪೈಪುಗಳ ಬಿಸಿ ಸ್ವಲ್ಪ ಹೊತ್ತು ಇದ್ದು ಆರಿಹೋಗುತ್ತದೆ. ಇಳಿಯುವಾಗ ಚಕ್ರದ ಬಾಗಿಲು ತೆರೆದುಕೊಳ್ಳುತ್ತದಲ್ವಾ, ಪ್ರಜ್ಞೆ ಇಲ್ಲದವರು ಏನನ್ನು ಹಿಡಿದುಕೊಳ್ಳಬೇಕು? 2019ರಲ್ಲಿ ನೈರೋಬಿಯಿಂದ ಬಂದ ವಿಮಾನದಿಂದ ಒಬ್ಬನ ದೇಹ ಲಂಡನ್ನಿನ ಮನೆಯೊಂದರ ಹಿತ್ತಲಿಗೆ ಬಿತ್ತು.

ಕಾಬೂಲಿನ ಹುಡುಗನ ಹಾರಾಟ ಸುಮಾರು ಒಂದೂವರೆ ಗಂಟೆಯದು. ಇದನ್ನು ವಿಡಿಯೊದವರು ಒತ್ತಿ ಹೇಳುವುದಿಲ್ಲ. 1996ರಲ್ಲಿ ಪಂಜಾಬಿನ ಅಣ್ಣ ತಮ್ಮ ಇಬ್ಬರೂ ದೆಹಲಿಯಿಂದ ಲಂಡನ್ನಿಗೆ ಒಂದೇ ವಿಮಾನದಲ್ಲಿ ಹೀಗೇ ಹೋದರು. ಅಣ್ಣ ಉಳಿದ, ತಮ್ಮ ಸತ್ತ. ಇಬ್ಬರಿಗೂ ಇದ್ದದ್ದು ಅದೇ ಚಳಿ. ಹಾಗಾದರೆ ಚಳಿ ಯಾರನ್ನು ಕಾಪಾಡಿತು?

ನನಗೆ ತುಂಬಾ ಸಂಕಟವಾಗುವುದು 1999ರ ಘಟನೆ ನೆನೆದಾಗ. ಆಫ್ರಿಕಾದ ಗಿನಿ ದೇಶದ ಇಬ್ಬರು ಹುಡುಗರು, ಒಬ್ಬನಿಗೆ 14, ಇನ್ನೊಬ್ಬನಿಗೆ 15. ಬ್ರಸೆಲ್ಸ್‌ನಲ್ಲಿ ಇಳಿದ ವಿಮಾನದಲ್ಲಿ ಅವರ ಹೆಣ ಸಿಕ್ಕಿತು. ಚಳಿಗೆಂದು ಒಂದರ ಮೇಲೊಂದು ಬಟ್ಟೆ ಹಾಕಿಕೊಂಡಿದ್ದರು. ಜೊತೆಯಲ್ಲಿ ಯುರೋಪಿನ ನಾಯಕರಿಗೆ ಬರೆದ ಪತ್ರವಿತ್ತು. ನಮಗೆ ಓದಲು ಸಹಾಯ ಮಾಡಿ ಎಂದು ಅದರಲ್ಲಿ ಬೇಡಿಕೊಂಡಿದ್ದರು. ಇಂಥ ಮಕ್ಕಳ ಸಾವನ್ನು ಸಾಹಸದ ಕಥೆಗಳ ಪಕ್ಕ ಇಟ್ಟು ನೋಡಲು ನನ್ನಿಂದಾಗದು.

ಬದುಕಿ ಉಳಿದವರ ಸುದ್ದಿ ಬೇಡ ಎನ್ನುತ್ತಿಲ್ಲ. ಹಾಕಿ. ಹೀಗೆ ಹೋದವರಲ್ಲಿ ನಾಲ್ವರಿಗೆ ಸುಮಾರು ಮೂವರು ಸತ್ತಿದ್ದಾರೆ ಎಂಬುದನ್ನೂ ಅದೇ ಅಕ್ಷರದ ಗಾತ್ರದಲ್ಲಿ ಹಾಕಿ. ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಅರಿವಳಿಕೆ ವೈದ್ಯರೊಬ್ಬರಿಂದ ಈ ಬಗ್ಗೆ ಬರೆಸಿದರೆ, ನಮ್ಮ ಬಡಾವಣೆಯ ಶಾಲೆಗಳ ನೋಟಿಸ್ ಬೋರ್ಡಿಗೆ ನಾನೇ ಹೋಗಿ ಅಂಟಿಸುತ್ತೇನೆ.

– ನಿವೃತ್ತ ನರ್ಸ್, ಚಿಕ್ಕಬಳ್ಳಾಪುರ