ಕಲ್ಲಿನ ರಥದ ಮೇಲಿದ್ದ ಗೋಪುರ: ಗೆಳೆಯನಿಗೊಂದು ಪತ್ರ

ಗಂಗಾವತಿ

ದೋಸ್ತಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಪಟ್ಟು ಬಿಡಲೇ ಇಲ್ಲ. ನಾನು ಕಳಿಸಿದ ಫೋಟೋ ನೋಡಿ, "ಇದು ಫೋಟೋಶಾಪ್. ಹಂಪಿಯ ಕಲ್ಲಿನ ರಥಕ್ಕೆ ಗೋಪುರ ಎಲ್ಲಿಂದ ಬಂತು?" ಅಂದೆ. ಐವತ್ತು ರೂಪಾಯಿ ಪಂತ ಬೇರೆ ಕಟ್ಟಿದೆ. ನಿನ್ನ ಜೊತೆ ಫೋನಿನಲ್ಲಿ ವಾದ ಮಾಡಿ ಗೆದ್ದವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಫೋಟೋ 1856ರದ್ದು. ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ, ಮದ್ರಾಸ್ ಸೈನ್ಯದ ಅಧಿಕಾರಿ. ಆಗ ಫಿಲ್ಮ್ ಎಲ್ಲಿತ್ತು? ಕಾಗದಕ್ಕೆ ಬೆಳ್ಳಿಯ ಲವಣ ಹಚ್ಚಿ ಅದನ್ನೇ ನೆಗೆಟಿವ್ ಮಾಡಿಕೊಳ್ಳುತ್ತಿದ್ದರು. ಚಿತ್ರ ಮೂಡಲು ತುಂಬಾ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಅಲ್ಲಾಡದೆ ನಿಲ್ಲಲು ನಮ್ಮ ಹಂಪಿಯ ಕಲ್ಲುಗಳಿಗೇ ಸಾಧ್ಯ ಬಿಡು. ಆ ನೆಗೆಟಿವ್‌ಗಳು ಮತ್ತೆ ಬೆಳಕಿಗೆ ಬಂದಿದ್ದು 1980ರಲ್ಲಿ. 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿಕೊಂಡು ಹೋಗಿ, ಗ್ರೀನ್‌ಲಾ ನಿಂತಲ್ಲೇ ನಿಂತು ಮತ್ತೆ ಫೋಟೋ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ರಥ ಅದೇ, ಗಾಲಿ ಅವೇ. ಮೇಲಿದ್ದ ಇಟ್ಟಿಗೆ ಗೋಪುರ ಮಾತ್ರ ಮಾಯ. ಅಂದಹಾಗೆ ರಥದ ಮುಂದಿನ ಆನೆಗಳೂ ಮೊದಲಿನವಲ್ಲ. ಮುಂದಿನ ಸಲ ಹೋದಾಗ ಸ್ವಲ್ಪ ಬಗ್ಗಿ ನೋಡು, ಆನೆಗಳ ಹಿಂದೆ ಕುದುರೆಗಳ ಕಾಲು, ಬಾಲ ಕಾಣುತ್ತವೆ. ಇಬ್ಬರೂ ಸ್ಕೂಲಿನ ಟೂರಿನಲ್ಲಿ ಹೋಗಿದ್ದೆವು, ಒಬ್ಬರಿಗೂ ಕಾಣಲಿಲ್ಲ!

ಹಾಗಂತ ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ. ನನ್ನದು ಪ್ರೆಸ್ಸಿನ ಕೆಲಸ, ಲಗ್ನಪತ್ರಿಕೆಯ ಗಣಪತಿಗೂ ನಾವು ಸ್ವಲ್ಪ ಬಣ್ಣ ಜಾಸ್ತಿ ಮಾಡುತ್ತೇವೆ. ಹಳೆಯ ಅಚ್ಚಿನ ಚಿತ್ರಗಳದ್ದೂ ಅದೇ ಕಥೆ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಕೂರಿಸಿ, ಆಸಿಡ್‌ನಲ್ಲಿ ಕೊರೆಸಿ, ಮಸಿ ತುಂಬಿ ಒತ್ತುತ್ತಿದ್ದರು. ಬಣ್ಣ ಆಮೇಲೆ ಕೈಯಲ್ಲಿ. ನೂರಾರು ಸಲ ಒತ್ತಿದ ಮೇಲೆ ತಗಡು ಸವೆದು ಆಕಾಶವೇ ತೆಳ್ಳಗಾಗುತ್ತಿತ್ತು. ಇಂಗ್ಲೆಂಡಿನ ಚಿತ್ರಕಾರರಾದ ಡೇನಿಯಲ್ ಮಾವ-ಅಳಿಯ, ಅಲ್ಲಲ್ಲ, ಚಿಕ್ಕಪ್ಪ ಮತ್ತು ಅಣ್ಣನ ಮಗ, 1795ರಿಂದ 1808ರವರೆಗೆ ಇಂಡಿಯಾದ ಇಂಥ 144 ಚಿತ್ರ ಅಚ್ಚು ಹಾಕಿದರು. ಮಾರಾಟದ ಸರಕು. ಇಂಥ ಚಿತ್ರದಲ್ಲಿ ಅಂದಕ್ಕೆ ಒಂದು ಮರ ಅತ್ತ ಸರಿದರೆ ಯಾರು ಕೇಳುತ್ತಾರೆ?

ಸರ್ವೇಯವರು ಕೈಯಲ್ಲಿ ಬರೆದ ಚಿತ್ರಗಳು ಬೇರೆ. ಸುಮಾರು 1800ರ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿ ಹಂಪಿಯ ಪಾಳುಗಳನ್ನು ಅಳೆದು ನಕ್ಷೆ ಮಾಡಿದ. ಆ 1800ರಲ್ಲೇ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಹೊಸ ಯಜಮಾನ ಹೊಲ ಅಳೆಸುವುದಿಲ್ಲವೇ, ಹಾಗೆ. ಗುಡ್ಡ ಎಲ್ಲಿದೆ, ಕೋಟೆಗೆ ದಾರಿ ಯಾವುದು, ನೀರು ಎಲ್ಲಿ ಅನ್ನೋದು ಅವರಿಗೆ ಬೇಕಿತ್ತು. ತಪ್ಪಿದರೆ ದಂಡಿಗೇ ಕುತ್ತು. ಆದರೆ ಮೆಕೆಂಜಿಗೆ ಶಾಸನ, ದೇವಸ್ಥಾನದ ಹುಚ್ಚೂ ಇತ್ತು. ಕಾವಲಿ ಮನೆತನದ ಅಣ್ಣತಮ್ಮಂದಿರು ಊರೂರಲ್ಲಿ ಅವನಿಗಾಗಿ ವಿಷಯ ಕೂಡಿಸಿದರು. ಮದ್ರಾಸಿನಲ್ಲಿ 1794ರಲ್ಲಿ ಶುರುವಾದ ಸರ್ವೇ ಶಾಲೆಯ ಹುಡುಗರು ನಕ್ಷೆ ತೆಗೆಯುತ್ತಿದ್ದರು. ಅವನು ಕೂಡಿಸಿದ 1,500ಕ್ಕೂ ಹೆಚ್ಚು ಚಿತ್ರಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆನೆಗೊಂದಿಯಿಂದ ಹೊಳೆ ದಾಟಿದರೆ ಸಿಗುವ ಊರನ್ನು ನೋಡಲು ಲಂಡನ್ನಿನ ಕಪಾಟು ತೆರೆಯಬೇಕು. ಅದು ನನಗೆ ಸರಿ ಅನ್ನಿಸುವುದಿಲ್ಲ. ಆದರೆ ಇಲ್ಲೇ ಇದ್ದಿದ್ದರೆ ಗೆದ್ದಲು ಬಿಡುತ್ತಿತ್ತಾ ಅಂತಲೂ ಅನ್ನಿಸುತ್ತದೆ.

ದಸರಾಕ್ಕೆ ಊರಿಗೆ ಬಾ. ಗ್ರೀನ್‌ಲಾ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಇಟ್ಟಿದ್ದೇನೆ, ರಥದ ಮುಂದೆ ಹಿಡಿದು ನೋಡೋಣ. ಪಂತದ ಐವತ್ತು ರೂಪಾಯಿಯನ್ನು ಫೋನ್‌ನಲ್ಲಿ ಹಾಕಬೇಡ, ನೋಟೇ ಬೇಕು. 2017ರಲ್ಲಿ ಬಂದ ಆ ನೀಲಿ ನೋಟು. ಅದರ ಹಿಂದೆಯೂ ಅದೇ ರಥ ಇದೆ, ಗೋಪುರ ಇಲ್ಲದ್ದು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ದೋಸ್ತ