ದೊಡ್ಡಪೇಟೆ ಚೌಕದ ಹಿರಿಯರಿಗೆ

ಬೆಂಗಳೂರಿನ ಅವೆನ್ಯೂ ರಸ್ತೆಯೂ ಚಿಕ್ಕಪೇಟೆಯೂ ಕೂಡುವಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ಮಾತನಾಡಿಸಿದ ಹಿರಿಯರೇ, ನಿಮಗೆ ಧನ್ಯವಾದ. ಹೆಸರು ಕೇಳಿದರೆ ನಕ್ಕು, “ಮೊದಲು ಊರು ನೋಡಿ” ಎಂದಿರಿ.

ಧಾರವಾಡದಿಂದ ಬಂದಿದ್ದ ನಮಗೂ ಅತ್ತೆಯವರಿಗೂ ಅದು ಸೀರೆ ಅಂಗಡಿಗಳ ಗದ್ದಲದ ಕೂಡುರಸ್ತೆ, ಅಷ್ಟೇ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಲು ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೂಡಿ ನೇಗಿಲ ಗೆರೆ ಎಳೆಸಿದ್ದು ಇಲ್ಲಿಂದಲೇ ಎಂಬ ಐತಿಹ್ಯವನ್ನು ನೀವು ನಿಂತಲ್ಲೇ ಕೈಚಾಚಿ ತೋರಿಸಿದಿರಿ: ಉತ್ತರಕ್ಕೆ ಯಲಹಂಕ ಬಾಗಿಲು, ದಕ್ಷಿಣಕ್ಕೆ ಆನೇಕಲ್ ಬಾಗಿಲು, ಪೂರ್ವಕ್ಕೆ ಹಲಸೂರು, ಪಶ್ಚಿಮಕ್ಕೆ ಸೊಂಡೆಕೊಪ್ಪ. ಬಾಗಿಲುಗಳು ಹೋದರೂ ‘ಹಲಸೂರು ಗೇಟ್’ ಪೊಲೀಸ್ ಠಾಣೆಯ ಹೆಸರಿನಲ್ಲಿ ಒಂದು ಉಳಿದಿದೆ ಎಂದಾಗ ಅತ್ತೆಯವರಿಗೆ ಎಲ್ಲಿಲ್ಲದ ಖುಷಿ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ ಎಂದು ನೀವು ಒಂದೇ ಉಸಿರಿಗೆ ಹೇಳುತ್ತಿದ್ದರೆ ಕಸುಬುಗಳ ಪಟ್ಟಿಯನ್ನೇ ಓದಿದಂತಿತ್ತು. (ಇಷ್ಟು ದೊಡ್ಡ ಚೌಕದಲ್ಲಿ ಇದನ್ನೆಲ್ಲ ಹೇಳುವ ಒಂದು ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ!)

ಮಳೆ ಸುರಿದಾಗ ನಿಮ್ಮ ಕೊಡೆಯನ್ನು ಅತ್ತೆಯವರಿಗೆ ಹಿಡಿದು, ನೀವು ನೆನೆಯುತ್ತಲೇ ಟಿಪ್ಪುವಿನ ಬೇಸಿಗೆ ಅರಮನೆಯತ್ತ ಹೋಗುವ ಆಟೊ ಹತ್ತಿಸಿದಿರಿ. 1791ರಲ್ಲಿ ಮುಗಿದ ಆ ತೇಗದ ಕಂಬಗಳ ಅರಮನೆಯೂ ಸೊಗಸು. ಆದರೆ ಊರಿಗೆ ಮರಳಿದ ಮೇಲೆ ಅತ್ತೆಯವರು ಎಲ್ಲರಿಗೂ ಹೇಳುತ್ತಿರುವುದು ನಿಮ್ಮ ನೇಗಿಲಿನ ಕಥೆಯನ್ನೇ. ಧಾರವಾಡದ ಕಡೆ ಬಂದರೆ ಪೇಡಾ ನಮ್ಮದು.