ಬರ್ಲಿನ್ನಿನ ನಮ್ಮ ವಠಾರದಿಂದ

ನಾಯ್‌ಕೋಲ್ನ್, ಬರ್ಲಿನ್
16 ನವೆಂಬರ್ 2025, ಭಾನುವಾರ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವು, ಅಮ್ಮ, ಅಜ್ಜಿ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಹೋದ ವಾರ ಫೋನಿನಲ್ಲಿ ಅಮ್ಮ, “ಆ ಊರಲ್ಲಿ ಅಕ್ಕಪಕ್ಕದವರಿಗೆ ನಿನ್ನ ಹೆಸರಾದರೂ ಗೊತ್ತೇನೇ?” ಎಂದು ಕೇಳಿದಳು. ನಕ್ಕು ಸುಮ್ಮನಾದೆ. ನಿಜ ಹೇಳಬೇಕೆಂದರೆ, ಇಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲ; ಎಲ್ಲರಿಗೂ ಗೊತ್ತಿರುವುದು ನಿಮ್ಮ ಹೆಸರು.

ಈ ಊರಿನಲ್ಲಿ ಕಟ್ಟಡಕ್ಕೊಂದು ನಂಬರಿರುತ್ತದೆಯೇ ಹೊರತು, ಒಳಗಿನ ಒಂದೊಂದು ಮನೆಗೂ ಬೇರೆ ನಂಬರು ಸಾಮಾನ್ಯವಾಗಿ ಇರುವುದಿಲ್ಲ. ಬೀದಿಬಾಗಿಲಿನ ಕರೆಗಂಟೆಯ ಮೇಲೆ ಮತ್ತು ಅಂಚೆ ಡಬ್ಬಿಯ ಮೇಲೆ ಮನೆತನದ ಹೆಸರಿರಬೇಕು. ಪೋಸ್ಟಿನವರು ನೋಡುವುದು ಅದನ್ನೇ. ನಾನು ಬಂದ ಹೊಸತರಲ್ಲಿ ನಮ್ಮ ಕಡೆಯ ಅಭ್ಯಾಸದಂತೆ ಒಂದು ಇನಿಷಿಯಲ್ಲು, ಮುಂದೆ ನನ್ನ ಹೆಸರು ಎಂದು ಚೀಟಿ ಬರೆದು ಅಂಟಿಸಿದ್ದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿರುವುದು ನಿಮ್ಮ ಹೆಸರಾದ್ದರಿಂದ ಬ್ಯಾಂಕಿನವರು ಆ ಹೆಸರಿಗೇ ಬರೆದರು, ಮತ್ತು ಕಾರ್ಡಿನ ಪಿನ್ ಇದ್ದ ಲಕೋಟೆ ಅಂಥವರು ಇಲ್ಲಿಲ್ಲವೆಂಬ ಷರಾದೊಡನೆ ಎರಡು ಸಲ ಹಿಂದಿರುಗಿತು. ಈಗ ಗಂಟೆಯ ಮೇಲೆ ನಿಮ್ಮ ಪೂರ್ತಿ ಹೆಸರಿದೆ. ಕೆಳಮನೆಯ ಅಜ್ಜಿ ಅದರ ಹಿಂದೆ “ಫ್ರಾವ್”, ಅಂದರೆ ಶ್ರೀಮತಿ, ಎಂದು ಸೇರಿಸಿ ನನ್ನನ್ನು ಕರೆಯುತ್ತಾರೆ. ಅಮ್ಮನಿಗೆ ಹೇಳಿ, ಸ್ವಲ್ಪ ನಗಲಿ.

ನೀವು ಬೆಳೆದ ಚಾಮರಾಜಪೇಟೆಯ ವಠಾರದ ಮಾತು ನನಗೆ ಇಲ್ಲಿ ಮತ್ತೆ ಮತ್ತೆ ನೆನಪಾಗುತ್ತದೆ. ಇಲ್ಲಿನ ನಮ್ಮ ಕಟ್ಟಡವೂ ಹಾಗೆಯೇ: ಬೀದಿಗೆ ಮುಖಮಾಡಿ ಒಂದು ಸಾಲು, ಅದರ ಕೆಳಗಿನ ಹಾದಿಯಲ್ಲಿ ಒಳಹೊಕ್ಕರೆ ಅಂಗಳ, ಎರಡೂ ಮಗ್ಗುಲಲ್ಲಿ ಮನೆಗಳು, ಹಿಂದೆ ಇನ್ನೊಂದು ಕಟ್ಟಡ. ನಾನಿರುವುದು ಆ ಹಿಂದಿನದರ ಮೂರನೆಯ ಮಹಡಿಯಲ್ಲಿ. ಬರ್ಲಿನ್ನಿನ 1853ರ ಕಟ್ಟಡ ನಿಯಮದ ಪ್ರಕಾರ ಇಂಥ ಅಂಗಳ ಕನಿಷ್ಠ 5.34 ಮೀಟರು ಚೌಕವಿದ್ದರೆ ಸಾಕಾಗಿತ್ತಂತೆ, ಏಕೆಂದರೆ ಬೆಂಕಿ ಆರಿಸುವ ಗಾಡಿ ತಿರುಗಲು ಅಷ್ಟು ಜಾಗ ಬೇಕು. ಬಿಸಿಲಿನ ಯೋಚನೆ ಯಾರಿಗೂ ಬಂದಂತಿಲ್ಲ. ನಮ್ಮ ಅಂಗಳ ಅದಕ್ಕಿಂತ ದೊಡ್ಡದು, ಆದರೂ ಈ ತಿಂಗಳು ನನ್ನ ಅಡುಗೆಮನೆಗೆ ಬೆಳಕು ಬಿದ್ದದ್ದೇ ಇಲ್ಲ. ಶಬ್ದ ಮಾತ್ರ ಚೆನ್ನಾಗಿ ಬರುತ್ತದೆ, ಚೆನ್ನಾಗಿ ಹೋಗುತ್ತದೆ ಕೂಡ. ಒಂದು ಭಾನುವಾರ ಬೆಳಿಗ್ಗೆ ದೋಸೆಗೆ ಮಿಕ್ಸಿ ಹಾಕಿದೆ. ಹತ್ತು ನಿಮಿಷದಲ್ಲಿ ಎದುರುಮನೆಯವರು ಬಾಗಿಲಿಗೆ ಬಂದು, ಭಾನುವಾರ ವಿಶ್ರಾಂತಿಯ ದಿನವೆಂದು ಬಹಳ ಮರ್ಯಾದೆಯಿಂದ ತಿಳಿಸಿದರು. ಅಂದಿನಿಂದ ಶನಿವಾರ ಸಂಜೆಯೇ ರುಬ್ಬಿಡುತ್ತೇನೆ. ಅದೇ ಎದುರುಮನೆಯವರು ನಾನಿಲ್ಲದಾಗ ಬಂದ ಪಾರ್ಸೆಲ್ಲುಗಳನ್ನು ತೆಗೆದಿಟ್ಟುಕೊಂಡು, ಸಂಜೆ ತಾವೇ ತಂದುಕೊಡುತ್ತಾರೆ.

ಈ ಬಡಾವಣೆಗೆ ಹೊರಗಿನಿಂದ ಬಂದವರು ಹೊಸಬರಲ್ಲ. ಇದು ಮೊದಲು ರಿಕ್ಸ್‌ಡಾರ್ಫ್ ಎಂಬ ಹಳ್ಳಿಯಾಗಿತ್ತು. 1737ರಲ್ಲಿ ಮತದ ಕಾರಣಕ್ಕೆ ಬೊಹೀಮಿಯ, ಅಂದರೆ ಈಗಿನ ಚೆಕ್ ದೇಶದ ಭಾಗ, ಬಿಟ್ಟು ಬಂದವರಿಗೆ ಪ್ರಶ್ಯದ ದೊರೆ ಇಲ್ಲಿ ನೆಲೆ ಕೊಟ್ಟನು. ಊರಿಗೆ ನಾಯ್‌ಕೋಲ್ನ್ ಎಂಬ ಈಗಿನ ಹೆಸರು ಬಂದದ್ದು 1912ರಲ್ಲಿ. ಪಶ್ಚಿಮ ಜರ್ಮನಿಯು 1961ರಲ್ಲಿ ತುರ್ಕಿಯೊಡನೆ ಕೆಲಸಗಾರರ ಒಪ್ಪಂದ ಮಾಡಿಕೊಂಡ ಮೇಲೆ ತುರ್ಕರು ಬಂದರು, ಆಮೇಲೆ ಅರಬರು; ಅವರಿಂದಾಗಿಯೇ ನನಗೆ ಬೆಂಡೆಕಾಯಿಗೂ ಕೊತ್ತಂಬರಿ ಸೊಪ್ಪಿಗೂ ತೊಂದರೆಯಿಲ್ಲ.

ಇನ್ನೊಂದು ವಿಷಯವನ್ನು ನಿಮಗೆ ಹೇಳಲೇಬೇಕು. ನಮ್ಮ ಬೀದಿಬಾಗಿಲಿನ ಮುಂದೆ, ಕಾಲುದಾರಿಯ ಕಲ್ಲುಗಳ ನಡುವೆ, ಅಂಗೈಯಗಲದ ಮೂರು ಹಿತ್ತಾಳೆ ಬಿಲ್ಲೆಗಳಿವೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1990ರ ದಶಕದಲ್ಲಿ ಆರಂಭಿಸಿದ ಕೆಲಸವಿದು. ನಾಜಿಗಳ ಕಾಲದಲ್ಲಿ ಬಲಿಯಾದವರು ಕೊನೆಯದಾಗಿ ತಾವಾಗಿ ಆರಿಸಿಕೊಂಡು ವಾಸಿಸಿದ ಮನೆಯ ಮುಂದೆ ಇವನ್ನು ಹುಗಿಯುತ್ತಾರೆ. “ಇಲ್ಲಿ ವಾಸವಾಗಿದ್ದರು” ಎಂದು ಮೊದಲ ಸಾಲು, ಅದರ ಕೆಳಗೆ ಹೆಸರು, ಹುಟ್ಟಿದ ವರ್ಷ, ಹಿಡಿದೊಯ್ದ ವರ್ಷ. ನಮ್ಮ ಬಾಗಿಲಿನ ಮೂರರಲ್ಲೂ ಮನೆತನದ ಹೆಸರು ಒಂದೇ. ಇಷ್ಟು ತಿಂಗಳು ಅವುಗಳ ಮೇಲೆ ದಾಟಿಕೊಂಡೇ ನಾನು ಗಂಟೆಯ ಮೇಲಿನ ನಿಮ್ಮ ಹೆಸರನ್ನು ನೋಡುತ್ತಿದ್ದೆ.

ಕಳೆದ ಭಾನುವಾರ ನವೆಂಬರ್ 9. ಯೆಹೂದಿಗಳ ಅಂಗಡಿಗಳನ್ನೂ ಪ್ರಾರ್ಥನಾಮಂದಿರಗಳನ್ನೂ 1938ರಲ್ಲಿ ಒಡೆದು ಸುಟ್ಟ ರಾತ್ರಿಯ ನೆನಪಿಗೆ ಅಂದು ಜನ ಬಿಲ್ಲೆಗಳನ್ನು ಉಜ್ಜಿ ದೀಪವಿಡುತ್ತಾರೆ. ಕೆಳಮನೆಯ ಅಜ್ಜಿ ಚಳಿಯಲ್ಲಿ ಮಂಡಿಯೂರಿ ಉಜ್ಜುತ್ತಿದ್ದರು. ಅವರ ಪೇಸ್ಟಿಗೆ ಕಿಲುಬು ಬಿಡುತ್ತಿರಲಿಲ್ಲ. ನಾನು ಮೇಲೆ ಹೋಗಿ ಅಮ್ಮ ಕಟ್ಟಿಕೊಟ್ಟಿದ್ದ ಹುಣಸೆಹಣ್ಣನ್ನು ನೆನೆಸಿ ತಂದೆ. ಹಬ್ಬದ ಹಿಂದಿನ ದಿನ ದೀಪದ ಕಂಬ ತಿಕ್ಕುವಂತೆ ಇಬ್ಬರೂ ತಿಕ್ಕಿದೆವು. ಅಕ್ಷರಗಳು ಒಂದೊಂದಾಗಿ ಎದ್ದುಬಂದವು. ಅಜ್ಜಿ ಹುಣಸೆಯನ್ನು ಮೂಸಿ ನೋಡಿ, ಇದನ್ನು ತಿನ್ನುತ್ತಾರೆಯೇ ಎಂದು ಕೇಳಿದರು. ಮಾರನೆಯ ದಿನ ಒಂದು ಬಟ್ಟಲು ಸಾರು ಕೊಟ್ಟುಬಂದೆ.

ಆದ್ದರಿಂದ ಮನೆಯಲ್ಲಿ ಹುಣಸೆಹಣ್ಣು ಮುಗಿದಿದೆ. ಮುಂದಿನ ಪಾರ್ಸೆಲ್ಲಿನಲ್ಲಿ ಅಮ್ಮ ಅರ್ಧ ಕಿಲೋ ಹೆಚ್ಚಾಗಿಯೇ ಇಡಲಿ. ವಿಳಾಸ ಬರೆಯುವಾಗ ಮಾತ್ರ ದಯವಿಟ್ಟು ಇನಿಷಿಯಲ್ ಹಾಕದೆ, ನಿಮ್ಮ ಹೆಸರನ್ನು ಪೂರ್ತಿಯಾಗಿ ಬರೆಯಿರಿ.

ನಿಮ್ಮ ಪ್ರೀತಿಯ ಮಗಳು